ಬೇರೆ ಕೈಯ ತೇಪೆ

ಆದವಾನಿ
ಭಾನುವಾರ, 11 ಜುಲೈ 1954

ಸೇತು,

ಇವತ್ತು ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಕೋಟೆ ಗುಡ್ಡದಿಂದ ನಿನ್ನ ಸೈಕಲ್ ಇಳಿದು ಬರುತ್ತಿದೆ. ಸೀಟಿನ ಮೇಲೆ ಯಾರೂ ಇಲ್ಲ. ಹ್ಯಾಂಡಲ್ ತಾನೇ ತಿರುಗುತ್ತದೆ, ಬೆಲ್ಲು ತಾನೇ ಹೊಡೆಯುತ್ತದೆ. ನಾನು ಅಂಗಡಿ ಮುಂದೆ ನಿಂತು ಎರಡೂ ಕೈ ಚಾಚಿದೆ. ಅದು ನನ್ನ ಪಕ್ಕದಿಂದಲೇ ಹಾದು ಸ್ಟೇಷನ್ ಕಡೆ ಹೋಗಿಬಿಟ್ಟಿತು. ಎದ್ದಾಗ ಅಳುತ್ತಿದ್ದೆ. ಗಿಡ್ಡಮ್ಮನಿಗೆ ಹೇಳಿದರೆ, "ಸೈಕಲ್ಲಿಗೇನೂ ಆಗಿಲ್ಲಲ್ಲ? ಮತ್ತ್ಯಾಕ ಅಳ್ತೀರಿ, ಮಕ್ಕೋರಿ" ಅಂದಳು. ನನ್ನ ಹೆಂಡತಿಗೆ ಎದೆಯ ಜಾಗದಲ್ಲಿ ಬೀಸುಕಲ್ಲು ಇದೆ. ಮೊದಲು ನಿನ್ನ ಕೈಕಾಲು ನೆಟ್ಟಗಿವೆಯೆ ಎಂದು ಬರಿ. ಬೆಳಗಿನ ಜಾವದ ಕನಸು ಸುಳ್ಳಾಗುವುದಿಲ್ಲ ಅಂತಾರೆ.

ನೀನು ರೈಲಿನ ಗಾರ್ಡಿನ ಡಬ್ಬಿಯಲ್ಲಿ ಕಳಿಸಿದ ಹಿಂದಿನ ಗಾಲಿ ಗುರುವಾರ ಮುಟ್ಟಿತು. ಬೆಂಡು ತೆಗೆದಿದ್ದೇನೆ. ಮೂರು ಕಡ್ಡಿ ಹೊಸದು ಹಾಕಿದ್ದೇನೆ. ಆಂಧ್ರ ಬೇರೆ ಆದಾಗ ಕಛೇರಿಯವರು ಯಾವ ಕಡೆ ಎಂದು ಕೇಳಿದರು, ನೀನು ಮೈಸೂರು ಕಡೆ ಎಂದು ಬರೆದುಕೊಟ್ಟು ಬಳ್ಳಾರಿಗೆ ಹೋದೆ. ಒಂಬತ್ತು ತಿಂಗಳಾಯಿತು. ಅಲ್ಲಿ ಸೈಕಲ್ ಅಂಗಡಿಗೆ ಬರವಿಲ್ಲ. ಆದರೂ ಗಾಲಿಯನ್ನು ನನಗೇ ಕಳಿಸುತ್ತಿ. ಈ ಮಾತನ್ನು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ.

ಟೈರು ಬಿಚ್ಚಿದರೆ ನೀನು ಎಲ್ಲೆಲ್ಲಿ ತಿರುಗಿದೆ ಎಂದು ನನಗೆ ತಿಳಿಯುತ್ತದೆ, ಅದು ನಿನಗೂ ಗೊತ್ತು. ಗೀರುಗಳಲ್ಲಿ ಎರೆಮಣ್ಣು ಇತ್ತು. ಅದರ ಮೇಲೆ ಬಿಳಿ ಮರಳು. ಹಗರಿ ಹೊಳೆ ದಾಟಿ ಬಂದಿದ್ದಿ. ನೆಗ್ಗಿಲು ಮುಳ್ಳು ಎರಡು ಮುರಿದು ಒಳಗೇ ಕೂತಿದ್ದವು. ಇದೆಲ್ಲ ಸರಿ.

ಟ್ಯೂಬಿನ ಮೇಲೆ ಐದು ತೇಪೆ ಇವೆ. ನಾಲ್ಕು ನನ್ನವು. ಒಂದೊಂದೂ ಯಾವ ದಾರಿಯಲ್ಲಿ ಹಾಕಿದ್ದು ಎಂದು ಹೇಳಬಲ್ಲೆ: ಪೆದ್ದ ತುಂಬಳದ ಹಾಳುಗುಡಿಗಳ ಹತ್ತಿರ ಒಂದು, ಚಿಪ್ಪಗಿರಿ ಬಸದಿಯ ಮುಂದೆ ಒಂದು, ಆಲೂರು ದಾರಿಯಲ್ಲಿ ಎರಡು. ಐದನೆಯದು ನನ್ನದಲ್ಲ. ಅದು ಚೌಕ. ನಾನು ಯಾವತ್ತೂ ದುಂಡಗೆ ಕತ್ತರಿಸುತ್ತೇನೆ, ಮೂಲೆ ಇದ್ದರೆ ಅದೇ ಮೊದಲು ಏಳುತ್ತದೆ. ಇದನ್ನು ಹಾಕಿದವರು ನಾಲ್ಕೂ ಮೂಲೆ ತಿದ್ದಿ ಅಂಚು ಉಜ್ಜಿದ್ದಾರೆ. ನೀರಿನಲ್ಲಿ ಮುಳುಗಿಸಿ ಮೂರು ಸಲ ನೋಡಿದೆ. ಒಂದು ಗುಳ್ಳೆಯೂ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಯಾರ ಕೈ ಅದು?

ನಿನ್ನ
ಓಬಳೇಶ


ಬಳ್ಳಾರಿ
20 ಜುಲೈ 1954

ಪ್ರಿಯ ಓಬಳಾ,

ಕೈಕಾಲು ನೆಟ್ಟಗಿವೆ. ಕನಸಿನಲ್ಲಿ ಸೈಕಲ್ ಮಾತ್ರ ಬಂದು ನಾನು ಬರದಿದ್ದರೆ, ಕಛೇರಿಯಲ್ಲಿ ರಜೆ ಸಿಕ್ಕಿರಲಿಲ್ಲ ಎಂದು ತಿಳಿ.

ನೀನು ತೇಪೆಯನ್ನೂ ಬಿಡುವವನಲ್ಲ ಎಂದು ನನಗೆ ಗೊತ್ತಿತ್ತು. ಆ ಕೈ ಕೊಟ್ರಬಸಪ್ಪನವರದು. ಇಲ್ಲಿನ ಶಾಲೆಯೊಂದರಲ್ಲಿ ಚಿತ್ರಕಲೆಯ ಮಾಸ್ತರರು. ಹಗರಿಯ ಆಚೆ ನನ್ನ ಟ್ಯೂಬು ಹೋದಾಗ ಬೇವಿನ ನೆರಳಲ್ಲಿ ಕೂತು ಮೊಣಕಾಲ ಮೇಲೆ ಇಟ್ಟುಕೊಂಡು ಹಾಕಿದರು. ನಿನ್ನ ನಾಲ್ಕು ತೇಪೆಗಳನ್ನು ಬೆರಳಿನಿಂದ ಸವರಿ ನೋಡಿ, "ರಾಯರ, ಇವನ್ನ ಹಾಕಿಲ್ರಿ, ನೇಯ್ದಾರ. ಯಾರ್ರೀ ಆ ಪುಣ್ಯಾತ್ಮ?" ಎಂದರು. ನಿನ್ನ ಹೆಸರು ಹೇಳಿದೆ. ಮನೆಗೆ ಬಂದು ಕಾಫಿ ಕುಡಿಯುತ್ತ ಮತ್ತೆ ನಿನ್ನ ವಿಷಯವನ್ನೇ ಕೇಳಿದರು. ಅಮ್ಮನೂ ನಡುಮನೆಗೆ ಬಂದು ಕೂತು ಆದವಾನಿಯ ಸುದ್ದಿ ಹೇಳಿದಳು.

ಇನ್ನೊಂದು ವಿಷಯ. ನಾವು ಎಂಟು ಜನ ಸೇರಿ ಭಾನುವಾರ ಸೈಕಲ್ ಮೇಲೆ ಹೊರಡುತ್ತೇವೆ. ಗುಡ್ಡದ ದಾರಿಗಳದ್ದು ಒಂದು ಸಣ್ಣ ಪುಸ್ತಕ ಮಾಡಬೇಕೆಂದು ಮಾತಾಗಿದೆ. ಎಲ್ಲಿ ಏರು, ಎಲ್ಲಿ ನೀರು, ಎಲ್ಲಿ ಯಾವ ಹಳೆಯ ಗುಡಿ, ಯಾವ ಕೋಟೆ. ನಕ್ಷೆ ಬರೆಯುವವರು ಕೊಟ್ರಬಸಪ್ಪನವರು. ನಾವಿಬ್ಬರೂ ತಿರುಗಿದ ದಾರಿಗಳನ್ನು ನಾನು ನೆನಪಿನಿಂದ ಬರೆದುಕೊಟ್ಟೆ. ದೇವನಕೊಂಡದ ಕಡೆಯ ಜೋಡುಗುಡಿಯ ದಾರಿ ಮಾತ್ರ ನನಗೆ ಸರಿಯಾಗಿ ನೆನಪಿಲ್ಲ. ಅವತ್ತು ದಾರಿ ತಪ್ಪಿಯೇ ತಾನೆ ಅಲ್ಲಿಗೆ ಮುಟ್ಟಿದ್ದು! ತಿರುವುಗಳೆಲ್ಲ ನಿನ್ನ ತಲೆಯಲ್ಲಿವೆ. ಬರೆದು ಕಳಿಸುತ್ತೀಯಾ?

ಗಿಡ್ಡಮ್ಮನಿಗೆ ಕೇಳಿದೆನೆಂದು ಹೇಳು.

ನಿನ್ನ
ಸೇತುಮಾಧವ


ಆದವಾನಿ
ಭಾನುವಾರ, 8 ಆಗಸ್ಟ್ 1954

ಮಹಾರಾಜಶ್ರೀ ಸೇತುಮಾಧವರಾಯರ ಸನ್ನಿಧಾನಕ್ಕೆ ಸೈಕಲ್ ರಿಪೇರಿ ಓಬಳೇಶ ಮಾಡುವ ವಿಜ್ಞಾಪನೆ.

ತಮ್ಮ ಕಾಗದ ಓದಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಓದುವುದು ನಿಧಾನ. ಆಮೇಲಿನ ಅಕ್ಷರವನ್ನೆಲ್ಲ ತಾವೇ ಅಂಗಡಿಯ ಡಬ್ಬದ ಮೇಲೆ ಕೂತು ಕಲಿಸಿದ್ದು. ನಿಧಾನ ಓದಿದರೆ ಒಂದೊಂದು ಮಾತೂ ಚುಚ್ಚುತ್ತದೆ, ಬೇಗ ಓದುವವರಿಗೆ ಈ ಕಷ್ಟವಿಲ್ಲ.

ಕೊಟ್ರಬಸಪ್ಪನವರು ಒಳ್ಳೆಯವರೇ ಇರಬೇಕು. ಕೈ ಒಳ್ಳೆಯದು, ಅದನ್ನು ಕಂಡಿದ್ದೇನೆ. ಅವರು ನಿಮ್ಮ ನಡುಮನೆಯಲ್ಲಿ ಕೂತು ಕಾಫಿ ಕುಡಿದರು, ತಾಯಿಯವರು ಎದುರಿಗೆ ಕೂತು ಮಾತಾಡಿದರು ಎಂದು ಬರೆದಿದ್ದೀರಿ. ಸಂತೋಷ. ನಾನು ಹದಿನಾಲ್ಕು ವರ್ಷ ನಿಮ್ಮ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತವನು. ಭಾನುವಾರ ಬೆಳಿಗ್ಗೆ ತಾಯಿಯವರು ಬಾಗಿಲಿಗೆ ಬಂದು ಅವಲಕ್ಕಿಯ ಎರಡು ಗಂಟು ಕೊಡುವರು. ನಿಮ್ಮದು ಒಗೆದ ಬಿಳಿ ಬಟ್ಟೆ, ನನ್ನದು ಬಣ್ಣದ ಬಟ್ಟೆ, ಅದಲುಬದಲಾಗಬಾರದೆಂದು. ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಹೊಯ್ಯುವರು. ಅದಕ್ಕೆ ನಾನು ಯಾವತ್ತೂ ಬೇಸರ ಮಾಡಿಕೊಳ್ಳಲಿಲ್ಲ. ಹಿರಿಯರ ರೀತಿ ಎಂದುಕೊಂಡೆ. ಬಳ್ಳಾರಿಗೆ ಹೋದರೆ ರೀತಿ ಬದಲಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಜೋಡುಗುಡಿಯ ದಾರಿ ಕೇಳಿದ್ದೀರಿ. ಐವತ್ತೊಂದರ ಸಂಕ್ರಾಂತಿ ಮರುದಿನ ಅದು. ಮೊಗಲಿ ಕಣಿವೆ ಇಳಿದು ಗುಡಿಯ ಮುಂದೆ ಕೂತೆವು. ಎರಡು ಗುಡಿ, ನಡುವೆ ಒಂದೇ ಗೋಡೆ. ಆ ಗೋಡೆಯ ಹಳೆಯ ಅಕ್ಷರದ ಮೇಲೆ ನನ್ನ ಬೆರಳು ಹಿಡಿದು ಒಂದೊಂದನ್ನೇ ಓದಿಸಿದಿರಿ. ಆಮೇಲೆ ನೀವು ಬಿಳಿ ಬಟ್ಟೆ ಬಿಚ್ಚಿದಿರಿ, ನನ್ನ ಬಣ್ಣದ ಬಟ್ಟೆಯನ್ನೂ ಬಿಚ್ಚಿಸಿದಿರಿ, ಎರಡೂ ಅವಲಕ್ಕಿ ಒಂದು ಮಾಡಿ "ಉಣ್ಣು" ಎಂದಿರಿ. ನನಗೆ ಕೈ ನಡುಗಿತು. "ಇದು ಇಲ್ಲೇ ಇರ್ಲಿ, ಓಬಳಾ" ಅಂದಿರಿ. ಇಲ್ಲೇ ಇಟ್ಟೆ. ಗಿಡ್ಡಮ್ಮನಿಗೂ ಹೇಳಲಿಲ್ಲ. ಈಗ ಅದು ಪುಸ್ತಕದಲ್ಲಿ ಬರುತ್ತದೆ, ಅವರು ನಕ್ಷೆ ಬರೆಯುತ್ತಾರೆ, ಎಂಟು ಜನ ಹೋಗಿ ಅಲ್ಲಿ ಗಂಟು ಬಿಚ್ಚುತ್ತಾರೆ.

ಗಾಲಿ ಕಳಿಸಿದ್ದೇನೆ. ಆ ಚೌಕದ ತೇಪೆ ಕಿತ್ತು ನನ್ನದು ಹಾಕಿದ್ದೇನೆ. ಗಟ್ಟಿಯಾಗಿ ಕೂತಿತ್ತು, ಕೀಳುವಾಗ ಟ್ಯೂಬು ಸ್ವಲ್ಪ ಹರಿಯಿತು. ಅದಕ್ಕೆ ನನ್ನ ತೇಪೆ ಅಂಗೈಯಷ್ಟು ದೊಡ್ಡದಾಗಿದೆ. ಗಿಡ್ಡಮ್ಮ ನೋಡಿ, "ನಮ್ಮಪ್ಪಗ ಮೊದ್ಲ ತಿಳ್ದಿದ್ರ ನಿಮಗ ಆ ರಾಯರನ್ನ ಕಟ್ಟಿ ಕೈ ತೊಳಕೋತಿದ್ದ" ಅಂದಳು.

ಅಪ್ಪಣೆ ಕಾಯುವ
ಓಬಳೇಶ


ಬಳ್ಳಾರಿ
12 ಸೆಪ್ಟೆಂಬರ್ 1954

ಓಬಳಾ,

ನಿನ್ನ ಕಾಗದ ಬಂದು ಒಂದು ತಿಂಗಳಾಯಿತು. ನಾಲ್ಕು ಸಲ ಉತ್ತರ ಬರೆದು ಹರಿದೆ. ಈ ಕಾರ್ಡಿನಲ್ಲಿ ಹೆಚ್ಚು ಜಾಗವಿಲ್ಲ, ಅದೇ ಒಳ್ಳೆಯದು.

ಕಟ್ಟೆಯ ಮಾತು ನೀನು ಬರೆದದ್ದು ನಿಜ. ಅಮ್ಮನಿಗೆ ಓದಿ ಹೇಳಲಿಲ್ಲ. ಹೇಳುವ ಧೈರ್ಯ ಹದಿನಾಲ್ಕು ವರ್ಷ ಬರಲಿಲ್ಲ, ಈಗಲೂ ಬಂದಿಲ್ಲ. ಅದು ನನ್ನ ತಪ್ಪು, ಕೊಟ್ರಬಸಪ್ಪನವರದಲ್ಲ.

ನವೆಂಬರ್ 21, ಭಾನುವಾರ, ಜೋಡುಗುಡಿಗೆ ಹೋಗುತ್ತೇವೆ. ಎಂಟು ಜನರಲ್ಲ, ನಾನು ಮತ್ತು ಅವರು. ಶನಿವಾರ ಮಧ್ಯಾಹ್ನದ ಗಾಡಿಗೆ ಸೈಕಲ್ ಹಾಕಿ ಗುಂತಕಲ್ಲಿನಲ್ಲಿ ತಂಗಿ, ಭಾನುವಾರ ಬೆಳಿಗ್ಗೆ ಆಸ್ಪರಿಯಲ್ಲಿ ಇಳಿಯುತ್ತೇವೆ. ನೀನೂ ಬಾ. ಮೂವರೂ ಹೋಗೋಣ. ಬರಲಾಗದಿದ್ದರೆ ದಾರಿಯನ್ನಾದರೂ ಬರಿ.

ಸೇತು


ಆದವಾನಿ
ಭಾನುವಾರ, 24 ಅಕ್ಟೋಬರ್ 1954

ಸೇತುಮಾಧವರಾಯರಿಗೆ,

ನಾಡಿದ್ದು ದೀಪಾವಳಿ. ಹಬ್ಬದ ಮೇಲೆ ಹತ್ತಿಯ ಕಾಲ ಬರುತ್ತದೆ, ಗಿರಣಿಗೆ ಬರುವವರ ಸೈಕಲ್ಲುಗಳು ಅಂಗಡಿ ತುಂಬ ಬೀಳುತ್ತವೆ. ನನಗೆ ಬರಲಾಗುವುದಿಲ್ಲ. ಮೂವರು ಹೋದರೆ ಒಬ್ಬ ಯಾವಾಗಲೂ ಹಿಂದೆ ಉಳಿಯುತ್ತಾನೆ, ಆ ಒಬ್ಬ ಯಾರೆಂದು ನನಗೆ ಗೊತ್ತು.

ದಾರಿ ಹೇಳುತ್ತೇನೆ, ಪುಸ್ತಕಕ್ಕೆ ಹೇಗೆ ಬೇಕೋ ಹಾಗೆ ತಿದ್ದಿಕೊಳ್ಳಿರಿ.

ಆಸ್ಪರಿ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಹತ್ತಬೇಡಿರಿ. ರೈಲಿನ ಕುಲುಕಾಟಕ್ಕೆ ವಾಲ್ವು ಸಡಿಲಾಗಿರುತ್ತದೆ, ಗಾಳಿ ಒತ್ತಿ ನೋಡಿರಿ. ದೇವನಕೊಂಡದ ರಸ್ತೆಯಲ್ಲಿ ಮೊದಲ ನಾಲ್ಕು ಮೈಲಿ ಎರೆಭೂಮಿ. ಎರಡು ಕಡೆಯೂ ಹತ್ತಿ ಒಡೆದಿರುತ್ತದೆ, ನೋಡುತ್ತ ಕೂತರೆ ಗಾಡಿಜಾಡಿನಲ್ಲಿ ಗಾಲಿ ಸಿಕ್ಕಿಬೀಳುತ್ತದೆ. ಜಾಡಿನ ಎಡದಂಡೆಯ ಹುಲ್ಲಿನ ಮೇಲೆ ಹೋಗಬೇಕು. ಆಮೇಲೆ ನೆಲ ಕೆಂಪಾಗುತ್ತದೆ, ಸೈಕಲ್ ತಾನೇ ಹಗುರಾಗುತ್ತದೆ. ಅಲ್ಲಿ ಬಯಲಿನಲ್ಲಿ ಒಂದು ಹನುಮಂತನ ಕಲ್ಲು, ಮೇಲೆ ಸೂರಿಲ್ಲ. ಅಲ್ಲಿಂದ ಎಡಕ್ಕೆ ತಿರುಗುವ ಕಾಲುದಾರಿ. ಎರಡು ಫರ್ಲಾಂಗು ನೆಗ್ಗಿಲು ಮುಳ್ಳು ಹಾಸಿರುತ್ತದೆ, ಇಳಿದು ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಳ್ಳಿರಿ. ಅವಸರ ಮಾಡಿ ತುಳಿದವನು ಅಲ್ಲೇ ಟ್ಯೂಬು ಬಿಚ್ಚುತ್ತಾನೆ.

ಆಮೇಲೆ ಮೊಗಲಿ ಕಣಿವೆಯ ಏರು. ಮೂರು ತಿರುವು. ಮೊದಲನೆಯದರಲ್ಲಿ ನಿಂತು ಹಿಂದೆ ನೋಡಿದರೆ ಪಡುವಣದಲ್ಲಿ ಆದವಾನಿಯ ಗುಡ್ಡಗಳು ಮಂಜಿನಲ್ಲಿ ತೇಲಿದಂತೆ ಕಾಣುತ್ತವೆ. ಮನೆಯನ್ನು ದೂರದಿಂದ ನೋಡಿದರೆ ಚೆನ್ನ ಎಂದು ನೀವು ಹೇಳಿದ್ದು ಅಲ್ಲಿಯೇ. ಎರಡನೆಯದರಲ್ಲಿ ವೀರಗಲ್ಲು, ಕುದುರೆಯ ಮುಖ ಸವೆದಿದೆ. ಪಕ್ಕದ ಬಂಡೆಯ ಗುಂಡಿಯಲ್ಲಿ ಸಂಕ್ರಾಂತಿಯ ತನಕ ನೀರು ಇರುತ್ತದೆ. ಮೂರನೆಯ ತಿರುವಿನಲ್ಲಿ ಏರು ಮುಗಿಯಿತು. ಅಲ್ಲಿಂದ ಇಳಿಜಾರು. ಪೆಡಲ್ ತುಳಿಯುವುದು ಬೇಡ, ಬ್ರೇಕೂ ಬೇಡ. ಗಾಳಿ ಕಿವಿಯಲ್ಲಿ ಹಾಡುತ್ತದೆ, ಸೈಕಲ್ ತಾನೇ ಹೋಗಿ ಗುಡಿ ಮುಂದೆ ನಿಲ್ಲುತ್ತದೆ.

ಶ್ರಾವಣ ಕಳೆದ ಮೇಲೆ ನಾನೊಬ್ಬನೇ ಹೋಗಿ ನೋಡಿಕೊಂಡು ಬಂದೆ. ಎಲ್ಲ ಹಾಗೆಯೇ ಇದೆ.

ಇತಿ
ಓಬಳೇಶ


ಆದವಾನಿ
ಶುಕ್ರವಾರ, 19 ನವೆಂಬರ್ 1954

ಸೇತು,

ಈ ಕಾಗದ ಸಮಯಕ್ಕೆ ಮುಟ್ಟುವುದಿಲ್ಲ ಎಂದು ತಿಳಿದೇ ಬರೆಯುತ್ತಿದ್ದೇನೆ. ಇವತ್ತಿನ ಟಪಾಲು ಹೋಗಿಬಿಟ್ಟಿತು. ನಾಳೆ ಹೊರಟರೆ ಬಳ್ಳಾರಿಗೆ ಸೋಮವಾರ. ನೀನು ನಾಳೆಯೇ ಗಾಡಿ ಹತ್ತುತ್ತಿ.

ನಾನು ಸುಳ್ಳು ಬರೆದೆ. ಎಲ್ಲ ಹಾಗೆಯೇ ಇಲ್ಲ. ಮೂರನೆಯ ತಿರುವಿನ ಕೆಳಗೆ ಹಳ್ಳಕ್ಕೆ ಹಾಕಿದ್ದ ಕಲ್ಲುಹಾಸು ಈ ಸಲದ ಮಳೆಗೆ ಕೊಚ್ಚಿಹೋಗಿದೆ. ಒಂದಾಳು ಆಳದ ಕಂದಕ, ತಳದಲ್ಲೆಲ್ಲ ಒಡೆದ ಕಲ್ಲು. ಎರಡೂ ಕಡೆ ತಂಗಡಿ ಗಿಡ ಬೆಳೆದು ನಿಂತಿದೆ, ಹತ್ತು ಮಾರು ಹತ್ತಿರ ಬರುವ ತನಕ ಕಾಣುವುದಿಲ್ಲ. ಬಿಟ್ಟ ಸೈಕಲ್ ಅಷ್ಟರಲ್ಲಿ ನಿಲ್ಲುವುದಿಲ್ಲ. ನಾನೊಬ್ಬನೇ ಹೋದಾಗ ಏರಿನಲ್ಲಿ ಚೈನು ಕಳಚಿ ನಡೆದುಕೊಂಡು ಇಳಿದೆ, ಅದಕ್ಕೆ ಉಳಿದೆ.

ಯಾಕೆ ಬರೆಯಲಿಲ್ಲ ಎಂದರೆ, ಹೇಳುತ್ತೇನೆ. ಇಳಿಜಾರಿನಲ್ಲಿ ನಾನು ಮುಂದೆ, ನೀನು ಹಿಂದೆ. ಹದಿನಾಲ್ಕು ವರ್ಷ ಹಾಗೆಯೇ. ನಿನಗೆ ಇಳಿಜಾರೆಂದರೆ ಅಂಜಿಕೆ. ಈಗ ನನ್ನ ಜಾಗದಲ್ಲಿ ಅವರಿದ್ದಾರಲ್ಲ, ಮುಂದೆ ಅವರೇ ಹೋಗುತ್ತಾರೆ ಎಂದುಕೊಂಡೆ. ಬೀಳಲಿ, ಮೊಣಕಾಲು ಕೆತ್ತಲಿ, ಆ ದಾರಿಗೆ ಇನ್ನೊಮ್ಮೆ ಬರದಿರಲಿ ಎಂದುಕೊಂಡೆ. ಸಾಯಲಿ ಎಂದುಕೊಳ್ಳಲಿಲ್ಲ. ಅದನ್ನು ನಂಬು. ಆದರೆ ಕಾಗದ ಡಬ್ಬಿಗೆ ಹಾಕುವಾಗ ನನ್ನ ಕೈ ನಡುಗಲಿಲ್ಲ, ಅದನ್ನೂ ನಂಬು.

ಇವತ್ತು ಮಧ್ಯಾಹ್ನ ಬುತ್ತಿ ತಂದ ಗಿಡ್ಡಮ್ಮ, "ಭಾನುವಾರ ರಾಯರು ಹೊಂಟಾರಲ್ಲ, ಮಾಸ್ತರಿಗೆ ಆ ದಾರಿ ಗೊತ್ತೈತೇನು?" ಎಂದು ಕೇಳಿದಳು.

"ಎಲ್ಲಿ ಗೊತ್ತೈತಿ. ಹೊಸಾ ಮನುಷ್ಯ" ಅಂದೆ.

"ಹಂಗಾರ ರಾಯರು ಮುಂದ ಹೋಗ್ತಾರ ಬಿಡ್ರಿ. ದಾರಿ ಗೊತ್ತಿದ್ದವ್ರು ತಾನ ಮುಂದ ಹೋಗೋದು."

ಆಕೆ ಸುಮ್ಮನೆ ಹೇಳಿದಳು, ಮುದ್ದೆ ಮುರಿದಿಟ್ಟಳು. ನನ್ನ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನ ಕೆಳಗೆ ಬಿತ್ತು. ಸೇತು, ನನಗೆ ಅದು ಹೊಳೆದೇ ಇರಲಿಲ್ಲ. ನಾನಿಲ್ಲದ ದಾರಿಯಲ್ಲಿ ಮುಂದೆ ಹೋಗುವವನು ನೀನೇ.

ತಂತಿ ಕೊಡಲು ಪೋಸ್ಟಾಫೀಸಿಗೆ ಓಡಿದೆ. ಫಾರಂ ಬರೆದೆ. ನಿಮ್ಮ ಮನೆಗೆ ಇದುವರೆಗೆ ಬಂದದ್ದು ಒಂದೇ ತಂತಿ, ನಿಮ್ಮ ತಂದೆಯವರು ಹೋದ ಸುದ್ದಿ. ನೀನು ಕಛೇರಿಯಲ್ಲಿದ್ದಾಗ ತಂತಿಯವನು ಬಂದು ಬಾಗಿಲಲ್ಲಿ ನಿಂತರೆ ನಿನ್ನ ತಾಯಿ ತುಂಗಾಬಾಯಿಯವರ ಎದೆ ತಡೆಯುತ್ತದೆಯೆ? ಒಡೆದು ಓದಿಸುವ ತನಕ ಅವರು ಇರುತ್ತಾರೆಯೆ? ಫಾರಂ ಹರಿದೆ. ಮತ್ತೆ ಬರೆದೆ. ಮತ್ತೆ ಹರಿದೆ. ಗುಮಾಸ್ತ, "ಏನಯ್ಯಾ, ಕಾಗದ ಸರ್ಕಾರದ್ದಂತ ಹರೀತೀಯೇನು?" ಎಂದು ಬೈದ.

ಅದಕ್ಕೆ ನಾಳೆ ಬೆಳಿಗ್ಗೆ ನಾನೇ ಹೊರಡುತ್ತೇನೆ. ಆದವಾನಿಯಿಂದ ಮೊಗಲಿ ಕಣಿವೆಗೆ ಸೈಕಲ್ ಮೇಲೆ ಅರ್ಧ ದಿನ. ಅಂಗಡಿಗೆ ಬೀಗ ಹಾಕುತ್ತೇನೆ. ಈ ಕಾಗದವನ್ನೂ ಡಬ್ಬಿಗೆ ಹಾಕಿ ಹೋಗುತ್ತೇನೆ. ನಾನು ನಿನ್ನನ್ನು ತಡೆದರೂ, ಏನು ಮಾಡಿದ್ದೆ ಎಂಬುದು ನಿನಗೆ ತಿಳಿಯಬೇಕು.

ಓಬಳೇಶ


ಬಳ್ಳಾರಿ
ಮಂಗಳವಾರ, 23 ನವೆಂಬರ್ 1954

ಓಬಳೇಶನಿಗೆ,

ನಾವು ಕ್ಷೇಮವಾಗಿ ಬಂದೆವು. ನಿನ್ನ ಕಾಗದ ನಿನ್ನೆ ಮುಟ್ಟಿತು. ಓದಿ ಮುಗಿಸಿದ ಮೇಲೆ ರಾತ್ರಿ ಊಟ ಸೇರಲಿಲ್ಲ.

ಗಿಡ್ಡಮ್ಮ ಹೇಳಿದ್ದೇ ಸರಿ. ಮುಂದೆ ನಾನೇ ಇದ್ದೆ. ಏರು ಮುಗಿದ ಕೂಡಲೇ ಸೈಕಲ್ ಹತ್ತಿ, "ಇನ್ನ ಬ್ರೇಕ್ ಬ್ಯಾಡ್ರಿ ಮಾಸ್ತರ, ಇದು ನಮ್ಮ ಓಬಳನ ಇಳಿಜಾರು" ಎಂದು ಕೂಗಿ ಬಿಟ್ಟೆ. ನೀನಿದ್ದರೆ ಹೇಗೆ ಹೋಗುತ್ತಿದ್ದೆಯೋ ಹಾಗೆ ಹೋಗಿ ತೋರಿಸಬೇಕೆಂದು ಆಸೆಯಾಗಿತ್ತು. ಹದಿನೈದು ಮಾರು ಹೋಗುವಷ್ಟರಲ್ಲಿ ದಾರಿಗೆ ಅಡ್ಡ ಜಾಲಿ ಮುಳ್ಳಿನ ರಾಶಿ, ಅದರ ನಡುವೆ ಕೋಲು ನೆಟ್ಟು ಕಟ್ಟಿದ ಕೆಂಪು ಬಟ್ಟೆ. ಬ್ರೇಕು ಹಿಡಿದೆ. ಮುಂದಿನ ಗಾಲಿ ಮುಳ್ಳಿಗೆ ತಾಗಿ ನಿಂತಿತು.

ಕುರಿ ಕಾಯುವ ಮುದುಕ ಒಬ್ಬ ಬಂಡೆಯ ಮೇಲೆ ಕೂತಿದ್ದ. ಹೆಸರು ಮಾರೆಪ್ಪ.

"ಯಾರಪ್ಪ ಇದನ್ನ ಹಾಕಿದ್ದು?" ಎಂದೆ.

"ಆದವಾನಿ ಸೈಕಲ್ಲಿನಾವ. ನಿನ್ನಿ ಮಧ್ಯಾಹ್ನದಿಂದ ಕುಂತಾನ. ಹಟ್ಟಿಗೆ ಬಂದು ರೊಟ್ಟಿ ತಿನ್ನು ಅಂದ್ರ ಬರವಲ್ಲ. 'ಇಬ್ರು ಬರ್ತಾರ, ಇಬ್ರು ಬರ್ತಾರ' ಅಂತಾನ. ನನ್ನ ಎರಡು ಕುರಿ ಬಂದ್ರೂ ಎದ್ದು ನಿಂತ."

"ಈಗ ಎಲ್ಲಿ ಅದಾನ?"

"ಈಗ ಇಲ್ಲೇ ಇದ್ದ. ನಿಮ್ಮ ಬೆಲ್ಲು ಕೇಳಿದ್ದ ತಡ, ಮೊಲ ಓಡಿದಂಗ ಓಡಿದ. ಆತನ ಮಾವನ ಮನಿಯವ್ರೇನ್ರಿ ನೀವು?"

ಕೊಟ್ರಬಸಪ್ಪನವರು ನಕ್ಕರು. ಮುಳ್ಳು ದಾಟಿ ಹೋಗಿ ಆ ಕಂದಕ ನೋಡಿದ ಮೇಲೆ ನಗಲಿಲ್ಲ. ಅದರ ಅಂಚಿನಲ್ಲಿ ಕೂತುಬಿಟ್ಟರು. "ರಾಯರ, ನಮಗೋಸ್ಕರ ಎರಡು ದಿನ ಬಿಸಿಲಾಗ ಕುಂತಾನಲ್ರಿ, ಆ ಮನುಷ್ಯನ್ನ ನಾ ನೋಡಬೇಕ್ರಿ" ಎಂದರು. ನಾನು ನಿನ್ನ ಹೆಸರು ಹಿಡಿದು ಎಷ್ಟು ಸಲ ಕೂಗಿದೆನೋ. ಕಣಿವೆ ನನ್ನ ಕೂಗನ್ನು ನನಗೇ ತಿರುಗಿಸಿತು. ಆಮೇಲೆ ಅವರು ಹಳ್ಳದಲ್ಲಿ ಇಳಿದು ಎರಡೂ ಸೈಕಲ್ ದಾಟಿಸಿದರು.

ಆಗ ನನಗೆ ನೀನು ದೇವರಂತೆ ಕಂಡೆ. ಮರುದಿನ ಕಾಗದ ಓದಿದೆ.

ಅವರಿಗೆ ಏನೂ ಹೇಳಿಲ್ಲ. ಅವರು ನಿನ್ನ ಉಪಕಾರವನ್ನು ಕಂಡವರಿಗೆಲ್ಲ ಹೇಳುತ್ತಿದ್ದಾರೆ, ನಾನು ತಲೆ ತಗ್ಗಿಸಿ ಕೇಳುತ್ತೇನೆ. ಅದು ನಿನಗೆ ಶಿಕ್ಷೆಯೋ ನನಗೋ ತಿಳಿಯದು. ಸಿಟ್ಟು ಇಳಿದಿಲ್ಲ. ನೀನು ಆ ತಪ್ಪು ಮಾಡುವ ಮೊದಲು ನಾನು ಹದಿನಾಲ್ಕು ವರ್ಷ ನಿನ್ನನ್ನು ಕಟ್ಟೆಯ ಮೇಲೆ ಕೂಡಿಸಿದ್ದೆ ಎಂಬುದನ್ನೂ ಮರೆತಿಲ್ಲ. ಎರಡನ್ನೂ ಒಂದಕ್ಕೊಂದು ವಜಾ ಹಾಕಲು ಆಗುವುದಿಲ್ಲ.

ಜೋಡುಗುಡಿ ಪುಸ್ತಕದಲ್ಲಿ ಬರುತ್ತದೆ. ಬೇಡ ಎನ್ನುವ ಹಕ್ಕನ್ನು ನೀನೇ ಕಳೆದುಕೊಂಡೆ. ದಾರಿ ಹೇಳಿದವನು ಓಬಳೇಶ ಎಂದೂ ಅಚ್ಚಾಗುತ್ತದೆ. ಮೂರನೆಯ ತಿರುವಿನ ಮಾತುಗಳನ್ನು ನಾನು ಮುಟ್ಟುವುದಿಲ್ಲ, ನೀನೇ ತಿದ್ದಿ ಕಳಿಸು.

ಒಂದು ಮಾತು ಕೇಳುತ್ತೇನೆ. ಅಷ್ಟು ದೂರ ಬಂದವನು ಯಾಕೆ ಅಡಗಿದೆ?

ಸೇತುಮಾಧವ


ಆದವಾನಿ
ಭಾನುವಾರ, 28 ನವೆಂಬರ್ 1954

ಸೇತು,

ಮೊದಲು ಪುಸ್ತಕದ ಮಾತು. ಹೀಗೆ ಹಾಕಿಸು:

"ಮೂರನೆಯ ತಿರುವಿನಲ್ಲಿ ಎಲ್ಲರೂ ಸೈಕಲ್ ಇಳಿಯಬೇಕು. ಮುಂದೆ ಹಳ್ಳದ ಕಲ್ಲುಹಾಸು ಇಲ್ಲ, ಒಂದಾಳು ಕಂದಕವಿದೆ. ಬಲಕ್ಕೆ ಕುರಿಗಳ ಜಾಡು ಹಿಡಿದು ನಡೆದು ಇಳಿದರೆ ಹಳ್ಳ ಮೊಣಕಾಲಿನಷ್ಟೇ. ಗೊತ್ತಿದ್ದವರೂ ನಡೆಯಬೇಕು. ಗೊತ್ತಿದ್ದವರೇ ಮೊದಲು ಬೀಳುತ್ತಾರೆ."

ಕೊನೆಯ ಮಾತು ಪುಸ್ತಕಕ್ಕೆ ಬೇಡವಾದರೆ ತೆಗೆ.

ಯಾಕೆ ಅಡಗಿದೆ ಎಂದು ಕೇಳಿದ್ದಿ. ಮಾರೆಪ್ಪ ಕೂತ ಬಂಡೆಯ ಹಿಂದೆಯೇ ಇದ್ದೆ. ನೀನು ಮುಳ್ಳಿನ ಮುಂದೆ ನಿಂತಾಗ ನನ್ನ ಜೀವ ನಿಂತು ಹೊರಟಿತು. ಎದ್ದು ಬರೋಣವೆಂದು ಒಂದು ಕಾಲು ಮುಂದಿಟ್ಟೆ. ಅಷ್ಟರಲ್ಲಿ ಅವರು ಓಡಿಬಂದು ನಿನ್ನ ಭುಜ ಹಿಡಿದು, "ಪೆಟ್ಟಾಯ್ತೇನ್ರಿ?" ಎಂದು ಕೈ ಕಾಲು ಮುಟ್ಟಿ ನೋಡಿದರು. ನನ್ನ ಕಾಲು ಹಿಂದಕ್ಕೆ ಬಂತು. ನೀನು ಕೂಗಿದ್ದೆಲ್ಲ ಕೇಳಿದೆ. ಒಂಬತ್ತು ಸಲ ಕೂಗಿದಿ. ಪ್ರತಿ ಸಲವೂ ಬಾಯಿಗೆ ಬಟ್ಟೆ ಕಚ್ಚಿಕೊಂಡೆ.

ನೀವು ಗುಡಿಗೆ ಹೋದ ಮೇಲೆ ನಾನೂ ಮೇಲಿನ ಬಂಡೆಯಿಂದ ನೋಡಿದೆ. ಅಷ್ಟು ಆದ ಮೇಲೂ ನೋಡಿದೆ. ನೀನು ಗೋಡೆಯ ಅಕ್ಷರ ಓದಿದೆ, ಅವರು ಬರೆದುಕೊಂಡರು. ಅವರ ಬೆರಳನ್ನು ನೀನು ಹಿಡಿಯಲಿಲ್ಲ. ಊಟಕ್ಕೆ ಒಂದೇ ಗಂಟು ಬಿಚ್ಚಿದಿ, ಅದು ಬಿಳಿ ಬಟ್ಟೆ. ಇಬ್ಬರೂ ಅದರಲ್ಲೇ ಉಂಡಿರಿ, ಅವರಿಗೆ ಕೈ ನಡುಗಲಿಲ್ಲ. ನಡುಗುವ ಕಾರಣ ಅವರಿಗಿಲ್ಲ. ಆಮೇಲೆ ನೀನು ಒಂದು ಹಿಡಿ ಅವಲಕ್ಕಿ ಮುತ್ತುಗದ ಎಲೆಯಲ್ಲಿ ಕಟ್ಟಿ ನಡುಗೋಡೆಯ ಮೇಲೆ ಇಟ್ಟು ಹೋದೆ. ನೀವು ಏರು ಹತ್ತಿ ಕಣ್ಮರೆಯಾದ ಮೇಲೆ ಇಳಿದು ಅದನ್ನು ತಿಂದೆ. ಪಕ್ಷಿಗೆ ಇಟ್ಟದ್ದಾದರೆ ತಪ್ಪಾಯಿತು.

ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಹೋಗಿಲ್ಲ. ಅವರು ನನ್ನನ್ನು ಹೊಗಳುತ್ತಾರೆ ಎಂದು ಬರೆದಿದ್ದಿ, ಅದನ್ನು ಓದಿದಾಗ ಇನ್ನೂ ಉರಿಯಿತು. ಕೆಟ್ಟವರಾಗಿದ್ದರೆ ನನಗೆ ಇಷ್ಟು ಕಷ್ಟವಿರಲಿಲ್ಲ. ನಿಜ ಅವರಿಗೆ ನೀನೇ ಹೇಳಬೇಕೆಂದಿಲ್ಲ. ಒಂದು ದಿನ ಅವರು ಆದವಾನಿಗೆ ಬಂದರೆ ನಾನೇ ಹೇಳುತ್ತೇನೆ. ನನ್ನ ಅಂಗಡಿಗೆ ನಡುಮನೆ ಇಲ್ಲ, ಡಬ್ಬದ ಮೇಲೆ ಕೂಡಲಿ.

ಈಗ ಮುಖ್ಯವಾದದ್ದು. ಅದಕ್ಕೇ ಇಷ್ಟೆಲ್ಲ ಬರೆದೆ. ಹಿಂತಿರುಗುವಾಗ ನೀನು ಸೈಕಲ್ ತಳ್ಳಿಕೊಂಡು ನನ್ನ ಬಂಡೆಯ ಕೆಳಗೇ ಹತ್ತಿ ಹೋದೆಯಲ್ಲ, ಆಗ ಹಿಂದಿನ ಗಾಲಿಯಿಂದ ಪ್ರತಿ ಸುತ್ತಿನಲ್ಲೂ ಒಂದು ಸಲ 'ಟಕ್' ಎಂದು ಸದ್ದು ಬಂತು. ನಿನ್ನ ಕಿವಿಗೆ ಅದು ಬೀಳುವುದಿಲ್ಲ. ಎಡಗಡೆಯ ನಟ್ಟು ಸಡಿಲಾಗಿದೆ. ಹಾಗೆಯೇ ಬಿಟ್ಟರೆ ಗಾಲಿ ಒಂದು ದಿನ ಓಡುವಾಗಲೇ ವಾಲುತ್ತದೆ. ಅವತ್ತಿನಿಂದ ನನಗೆ ನಿದ್ದೆಯಿಲ್ಲ. ನನಗೆ ಕಳಿಸಬೇಡ. ಇಲ್ಲಿಗೆ ಬಂದು ಹೋಗಲು ಒಂದು ವಾರ ಬೇಕು, ಗಾಲಿ ಬಿಚ್ಚಲು ಪುರುಸೊತ್ತಿಲ್ಲ ಎಂದು ನೀನು ದಿನ ದೂಡುತ್ತಿ, ಅದರ ಮೇಲೆಯೇ ಕಛೇರಿಗೆ ಹೋಗುತ್ತಿ. ಇವತ್ತೇ ಕೊಟ್ರಬಸಪ್ಪನವರ ಕೈಗೆ ಕೊಡು. ಅವರು ಬಿಗಿ ಮಾಡಲಿ. ಮಾಡಿದ ಮೇಲೆ ನೀನು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಗಾಲಿ ತಿರುಗಿಸು, ಕಿವಿ ಹತ್ತಿರ ಇಡು. ಅವರು ಸರಿಯಾಗಿದೆ ಎಂದರೂ ಕೇಳಬೇಡ. ಎಡಗಡೆಯ ನಟ್ಟು, ಸೇತು. ಇನ್ನೊಂದು ಸಲ ನೋಡು.

ಓಬಳಾ